ಸಹಾಯ ಬೇಕು: ಮಕ್ಕಳಿಗೆ ಸರ್ಫಿಂಗ್ ಅಂಗಿ, ಗದ್ದಲವಿಲ್ಲದ ಬೀಚ್

ಎಲ್ಲರಿಗೂ ನಮಸ್ಕಾರ. ನಾವು ಗಂಗಾವತಿಯವರು. ದೀಪಾವಳಿ ಮುಗಿದ ಮೇಲೆ ಮಕ್ಕಳು, ಅತ್ತೆಯವರ ಜೊತೆ ಸಮುದ್ರ ನೋಡಲು ಹೊರಟಿದ್ದೇವೆ. ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ದಾರಿ, ಸ್ವಂತ ಕಾರು.

ಮೊದಲು ಬಟ್ಟೆ ವಿಷಯ. ಹತ್ತಿ ಬಟ್ಟೆ ನೆನೆದರೆ ಭಾರ, ಬೇಗ ಒಣಗುವುದಿಲ್ಲ, ಮರಳು ಬೇರೆ ಅಂಟುತ್ತದೆ. ಅದಕ್ಕೇ ಸರ್ಫಿಂಗ್ (ಹಲಗೆ ಮೇಲೆ ನಿಂತು ಅಲೆ ಸವಾರಿ) ಮಾಡುವವರು ಹಾಕುವ ತುಂಬುತೋಳಿನ ಅಂಗಿ, ಅಂದರೆ ರ‍್ಯಾಶ್ ಗಾರ್ಡ್ ಹುಡುಕುತ್ತಿದ್ದೇನೆ. ಯುಪಿಎಫ್ (ಬಟ್ಟೆ ಬಿಸಿಲನ್ನು ಎಷ್ಟು ತಡೆಯುತ್ತೆ ಅನ್ನೋ ಅಳತೆ) 50 ಇರಬೇಕು. ಆನ್‌ಲೈನ್‌ನಲ್ಲಿ ಒಂದು ತರಿಸಿ ಮಗಳಿಗೆ ಹಾಕಿಸಿದೆ. ಕಂಕುಳ ಹತ್ತಿರ ಹೊಲಿಗೆ ಹುರಿಯಷ್ಟು ದಪ್ಪ! ಮನೆಯಲ್ಲಿ ಸುಮ್ನೆ ಓಡಾಡಿದ್ದಕ್ಕೇ ಚರ್ಮ ಕೆಂಪಾಯಿತು. ಉಪ್ಪುನೀರು ತಾಗಿದರೆ ಕೇಳಬೇಕಾ? ವಾಪಸ್ ಕಳಿಸಿದೆ. ಚಪ್ಪಟೆ ಹೊಲಿಗೆಯದ್ದು, ಮುಟ್ಟಿ ನೋಡಿ ತಗೊಳ್ಳುವಂಥದ್ದು ಬಳ್ಳಾರಿ ಅಥವಾ ಹುಬ್ಬಳ್ಳಿಯಲ್ಲಿ ಎಲ್ಲಿ ಸಿಗುತ್ತೆ? ಅತ್ತೆಯವರು ಇಳಕಲ್ ಸೀರೆಯಲ್ಲೇ ನೀರಿಗೆ ಇಳಿಯುತ್ತಾರಂತೆ, ಆ ಚರ್ಚೆ ಮುಗಿದಿದೆ.

ಇನ್ನು ಜಾಗ. ಗೋಕರ್ಣ, ಮುರುಡೇಶ್ವರದಲ್ಲಿ ರಜೆಗೆ ಜನ ಜಾಸ್ತಿ ಅಲ್ವಾ, ಹಾಗಾಗಿ ಹೊನ್ನಾವರದ ಕಾಸರಕೋಡು ಅಂದುಕೊಂಡಿದ್ದೇವೆ. 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚ್‌ಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕಿದ ಬೀಚ್. ವಾರದ ಮಧ್ಯೆ ಹೋದರೆ ಆರಾಮಾಗಿ ಕೂರಬಹುದಾ? ವಯಸ್ಸಾದವರಿಗೆ ನೆರಳಲ್ಲಿ ಬೆಂಚು ಇದೆಯಾ? ಹತ್ತಿರದಲ್ಲಿ ಸಸ್ಯಾಹಾರಿ ಊಟ? ಜೋಳದ ರೊಟ್ಟಿ ಬುತ್ತಿ ಕಟ್ಟಿಕೊಂಡೇ ಬರುತ್ತೇವೆ, ಆದರೂ ಕೇಳ್ತೀನಿ.

ಮಗನಿಗೆ ಮಂಗಳೂರು ಹತ್ತಿರದ ಮುಲ್ಕಿಗೆ ಹೋಗಿ ಸರ್ಫಿಂಗ್ ಕಲಿಯುವ ಹಠ. ಎಂಟು ವರ್ಷದವನಿಗೆ, ಈಜು ಅಷ್ಟಕ್ಕಷ್ಟೇ ಬರುವವನಿಗೆ ಕಲಿಸುತ್ತಾರಾ? ಮಕ್ಕಳನ್ನು ಕರೆದುಕೊಂಡು ಹೋಗಿ ಬಂದವರು ದಯವಿಟ್ಟು ತಿಳಿಸಿ.