ಸಹಿ ಇಲ್ಲದ ಮೊದಿಲಿಯಾನಿ ಹಾಳೆಗಳನ್ನು ನಂಬೋದು ಹೇಗೆ?

ಪ್ರಶ್ನೆ: ಸರ್, ಇಟಲಿಯ ಕಲಾವಿದ ಮೊದಿಲಿಯಾನಿಯ ರೇಖಾಚಿತ್ರಗಳ ಕೆಳಗೆ ‘ಡಾ. ಪಾಲ್ ಅಲೆಕ್ಸಾಂದ್ರ್ ಸಂಗ್ರಹ’ ಅಂತ ಪದೇ ಪದೇ ಕಾಣುತ್ತೆ. ಎಷ್ಟೋ ಹಾಳೆಗಳಲ್ಲಿ ಸಹಿಯೇ ಇಲ್ಲ. ಯಾರೋ ಒಬ್ಬ ಡಾಕ್ಟರು ಕೊಂಡಿಟ್ಟಿದ್ದರು ಅನ್ನೋದಕ್ಕೆ ಅಷ್ಟು ತೂಕ ಯಾಕೆ?

ಉತ್ತರ (ಕಾಗದದ ಮೇಲಿನ ಚಿತ್ರಗಳ ಸಂರಕ್ಷಕ): ತೂಕ ಇರೋದು ಆ ಡಾಕ್ಟರು ಕೊಂಡ ರೀತಿಗೆ. ಅಲೆಕ್ಸಾಂದ್ರ್ ಪ್ಯಾರಿಸ್‌ನ ಚರ್ಮರೋಗ ವೈದ್ಯರು, ದೊಡ್ಡ ಸಾಹುಕಾರರೇನಲ್ಲ. ಮೋಂಮಾರ್ತ್ರ್‌ನ ಡೆಲ್ಟಾ ಬೀದಿಯಲ್ಲಿ ಹಳೇ ಮನೆಯೊಂದನ್ನು ಹಿಡಿದು ಕಲಾವಿದರಿಗೆ ಬಿಟ್ಟುಕೊಟ್ಟಿದ್ದರು. 1907ರಲ್ಲಿ ಮೊದಿಲಿಯಾನಿಯ ಪರಿಚಯವಾಯಿತು. ಆಗ ಅವನನ್ನು ಕೇಳುವವರೇ ಇರಲಿಲ್ಲ. ಮನಸ್ಸಿಗೆ ಹಿಡಿಸದ್ದನ್ನು ನಾಶಮಾಡುವ ಚಾಳಿ ಬೇರೆ. ಅವನ್ನು ಹಾಳುಮಾಡಬೇಡ ಅಂತ ಪಟ್ಟುಹಿಡಿದು, ಡಾಕ್ಟರು ಹಾಳೆಗಳನ್ನು ಅವನಿಂದಲೇ ಕೊಂಡರು. ಹೀಗೆ ಕೂಡಿದ್ದು 400ಕ್ಕೂ ಹೆಚ್ಚು. ನಡುವೆ ದಲ್ಲಾಳಿಯ ಕೈ ಇಲ್ಲ, ನನಗೆ ಮುಖ್ಯ ಅನ್ನಿಸೋದು ಇದೇ. 1914ರಲ್ಲಿ ಡಾಕ್ಟರು ಯುದ್ಧಕ್ಕೆ ಹೋದರು. ಆಮೇಲೆ ಇಬ್ಬರೂ ಭೇಟಿಯಾಗಲೇ ಇಲ್ಲ. 1920ರ ಜನವರಿಯಲ್ಲಿ ಮೊದಿಲಿಯಾನಿ ತೀರಿಕೊಂಡ. ಸಂಗ್ರಹ ಮನೆಯಲ್ಲೇ ಉಳಿಯಿತು, ಲೋಕ ಅದನ್ನು ಒಟ್ಟಾಗಿ ನೋಡಿದ್ದು 1993ರಲ್ಲಿ, ವೆನಿಸ್‌ನಲ್ಲಿ.

ಆ ಸಂಗ್ರಹದ ಕ್ಯಾರಿಯಾಟಿಡ್ (ಕಂಬದಂತೆ ಭಾರ ಹೊರುವ ಹೆಣ್ಣಿನ ಆಕೃತಿ) ಹಾಳೆಗಳನ್ನು ಒಮ್ಮೆ ಹತ್ತಿರದಿಂದ ನೋಡಿ, ಎರಡೂ ಕೈ ಮೇಲೆತ್ತಿ ಕಾಣದ ಭಾರ ಹೊತ್ತ ಹೆಂಗಸರು. ಕೆಲವು ನೀಲಿ ಪೆನ್ಸಿಲ್‌ನವು. ತೊಡೆಯಿಂದ ಹೊರಟ ಗೆರೆ ಸೊಂಟ ಬಳಸಿ ತೋಳಿನವರೆಗೆ ಎಲ್ಲೂ ತಡವರಿಸಲ್ಲ. ಅವನಿಗೆ ಆಗ ಕಲ್ಲು ಕೆತ್ತುವ ಹುಚ್ಚು. ಒಂದೇ ಭಂಗಿಯನ್ನು ಹಾಳೆಯಿಂದ ಹಾಳೆಗೆ ತಿದ್ದುತ್ತಾ ಹೋಗಿದ್ದಾನೆ. ಬಿಡಿ ಹಾಳೆಯಾಗಿ ಚದುರಿದ್ದರೆ ಈ ಹುಡುಕಾಟ ನಮಗೆ ತಿಳಿಯುತ್ತಲೇ ಇರಲಿಲ್ಲ.

ಮರುಪ್ರಶ್ನೆ: ಹಾಗಾದರೆ ಡಾಕ್ಟರ ಮುದ್ರೆ ಇದ್ದರೆ ಕಣ್ಣುಮುಚ್ಚಿ ನಂಬಬಹುದಾ? ಅಥವಾ ಗೆರೆ ನೋಡಿದರೇ ಗೊತ್ತಾಗುತ್ತಾ?

ಉತ್ತರ: ಎರಡೂ ಬೇಡ. ಸಂಗ್ರಹದ ಮುದ್ರೆ ಹಲವು ಹಾಳೆಗಳ ಮೇಲಿದೆ, ನಿಜ. ಆದರೆ ಸಹಿ ಹಾಕಬಲ್ಲ ಖದೀಮನಿಗೆ ಮುದ್ರೆ ಒತ್ತೋದು ಯಾವ ಮಹಾ ಕೆಲಸ? ಅದೇ ಹಾಳೆ ಹಳೇ ಪಟ್ಟಿಯಲ್ಲೋ ಫೋಟೋದಲ್ಲೋ ಇದೆಯಾ, ಕುಟುಂಬದಿಂದ ಯಾರಿಗೆ ಹೋಯಿತು ಅಂತ ಕೇಳಬೇಕು. ಕಣ್ಣಿನ ವಿಚಾರ ಬಿಡಿ. 1984ರಲ್ಲಿ ಅವನ ಹುಟ್ಟೂರು ಲಿವೋರ್ನೊದ ಕಾಲುವೆಯಲ್ಲಿ ಮೂರು ಕಲ್ಲಿನ ತಲೆ ಸಿಕ್ಕವು. ಅವನದ್ದೇ ಅಂತ ಘಟಾನುಘಟಿಗಳು ಒಪ್ಪಿದರು. ಆಮೇಲೆ ನೋಡಿದರೆ, ಒಂದನ್ನು ಕಾಲೇಜು ಹುಡುಗರು ವಿದ್ಯುತ್ ಡ್ರಿಲ್‌ನಲ್ಲಿ ಕೊರೆದಿದ್ದರು! ಉಳಿದೆರಡೂ ಖೋಟಾನೇ.

ಪ್ರಶ್ನೆ ಕೇಳಿದವರು: ಡ್ರಿಲ್ ಕಥೆ ಗೊತ್ತಿರಲಿಲ್ಲ ಸರ್ 😄 ಇನ್ನುಮೇಲೆ ಯಾರ ಕೈ ದಾಟಿ ಬಂತು ಅನ್ನೋ ಗುರುತಿಗಾಗಿ ಹಾಳೆಯ ಹಿಂಬದಿಯನ್ನೂ ನೋಡ್ತೀನಿ.

ಉತ್ತರ: ನಾವು ಮೊದಲು ನೋಡೋದೇ ಅದನ್ನ.