ಸಹಾಯ ಬೇಕು: ಜಾಹೀರಾತು ತಡೆಯಲು ಈಗ ಯಾವ ಬ್ರೌಸರ್ ಒಳ್ಳೆಯದು?

ಎಲ್ಲರಿಗೂ ನಮಸ್ಕಾರ. ಹನುಮಂತನಗರದಲ್ಲಿ ನಮ್ಮದೊಂದು ಸಣ್ಣ ಸೈಬರ್ ಸೆಂಟರ್ ಇದೆ. ಪಹಣಿ ತೆಗೆಸಲು, ಸೇವಾ ಸಿಂಧು ಅರ್ಜಿ ಹಾಕಲು ಜನ ಬರುತ್ತಾರೆ, ವಯಸ್ಸಾದವರೇ ಜಾಸ್ತಿ. ಕ್ರೋಮ್‌ನಲ್ಲಿ ಹಾಕಿದ್ದ ಯುಬ್ಲಾಕ್ ಆರಿಜಿನ್ (ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್, ಅಂದರೆ ಬ್ರೌಸರ್‌ಗೆ ಸೇರಿಸುವ ಸಣ್ಣ ತಂತ್ರಾಂಶ) ಈಗ ನಡೆಯುತ್ತಿಲ್ಲ. ಮೊನ್ನೆ ಒಬ್ಬ ಅಜ್ಜ ‘ಡೌನ್‌ಲೋಡ್’ ಅಂತಿದ್ದ ಜಾಹೀರಾತನ್ನೇ ಒತ್ತಿ, ಬೇಡದ್ದೇನೋ ಇಳಿಯಿತು. ಅವರ ಕಾಗದಪತ್ರ ನಮ್ಮ ಕೈಯಲ್ಲಿರುತ್ತದೆ, ಹೆದರಿಕೆ ಆಗುತ್ತದೆ.

ನನಗೆ ತಿಳಿದಷ್ಟು ಇದು: ಮೊದಲು ಎಕ್ಸ್‌ಟೆನ್ಷನ್ ಪುಟ ಹೊರಗೆ ಕಳಿಸುವ ಪ್ರತಿ ವಿನಂತಿಯನ್ನೂ ತಾನೇ ನೋಡಿ ತಡೆಯುತ್ತಿತ್ತು. ಎಕ್ಸ್‌ಟೆನ್ಷನ್‌ಗಳಿಗೆ ಗೂಗಲ್ ತಂದ ಹೊಸ ನಿಯಮಾವಳಿ ಮ್ಯಾನಿಫೆಸ್ಟ್ ವಿ3 ಬಂದ ಮೇಲೆ ನಿಯಮಗಳ ಪಟ್ಟಿಯನ್ನು ಮುಂಚೆಯೇ ಬ್ರೌಸರ್‌ಗೆ ಕೊಡಬೇಕು, ತಡೆಯುವ ಕೆಲಸ ಬ್ರೌಸರ್‌ದು. ಪಟ್ಟಿಗೂ ಮಿತಿ ಇದೆ. ಹಳೆಯ ವಿ2 ಎಕ್ಸ್‌ಟೆನ್ಷನ್‌ಗಳನ್ನು ಕ್ರೋಮ್ 2024ರಿಂದ ಹಂತಹಂತವಾಗಿ ನಿಲ್ಲಿಸಿತು. ಸುರಕ್ಷತೆ, ವೇಗ ಅಂತ ಗೂಗಲ್ ಹೇಳುತ್ತದೆ. ಆದರೆ ಅದರ ಆದಾಯದ ಬಹುಪಾಲು ಜಾಹೀರಾತಿನದೇ ಅಲ್ವಾ? ಎಡ್ಜ್, ಒಪೇರಾ, ಬ್ರೇವ್ ಎಲ್ಲವೂ ಕ್ರೋಮ್‌ಗೂ ಆಧಾರವಾಗಿರುವ ಕ್ರೋಮಿಯಂ ಮೇಲೇ ನಿಂತಿವೆ. ಹಾಗಾದರೆ ನಮಗೆ ನಿಜವಾದ ಆಯ್ಕೆ ಎಲ್ಲಿ?

ಫೈರ್‌ಫಾಕ್ಸ್‌ಗೆ ಪುಟ ತೋರಿಸುವ ಸ್ವಂತ ಎಂಜಿನ್ ಇದೆ, ಹಳೆಯ ವಿಧಾನವನ್ನೂ ಉಳಿಸಿಕೊಂಡಿದೆ. ಅಲ್ಲಿಗೆ ಹೋಗಲು ಮನಸ್ಸಿದೆ. 4 ಜಿಬಿ ರ‍್ಯಾಮ್‌ನ ಕಂಪ್ಯೂಟರ್‌ನಲ್ಲಿ ಬಳಸುತ್ತಿರುವವರು ಹೇಳಿ, ನಿಧಾನ ಆಗುತ್ತದೆಯೇ? ಸರ್ಕಾರಿ ಸೈಟ್‌ಗಳಲ್ಲಿ ಅರ್ಜಿ, ಪ್ರಿಂಟ್, ಹಣ ಕಟ್ಟುವುದು ಸರಿಯಾಗಿ ಆಗುತ್ತದೆಯೇ? ಕ್ರೋಮ್‌ನಲ್ಲೇ ಇದ್ದು ವಿ3ಗೆ ಒಗ್ಗುವ ಯುಬ್ಲಾಕ್ ಆರಿಜಿನ್ ಲೈಟ್ ಹಾಕಿದವರಿಗೆ ಸುಳ್ಳು ಬಟನ್‌ಗಳು ನಿಂತಿವೆಯೇ? ಬ್ರೇವ್‌ನಲ್ಲಿ ತಡೆಯುವ ವ್ಯವಸ್ಥೆ ಒಳಗೇ ಇದೆಯಂತೆ, ಅದನ್ನು ಅಂಗಡಿಯಲ್ಲಿ ಇಟ್ಟವರಿದ್ದರೆ ದಯವಿಟ್ಟು ಬರೆಯಿರಿ. ಭಾನುವಾರ ಅಂಗಡಿ ರಜೆ, ಅಷ್ಟರೊಳಗೆ ತಿಳಿಸಿದರೆ ಅವತ್ತೇ ಎಲ್ಲ ಕಂಪ್ಯೂಟರ್‌ಗಳಿಗೂ ಹಾಕುತ್ತೇನೆ.