ಓದಲು ಹಂಬಲಿಸುವ ಹುಡುಗಿಯ ಕಾದಂಬರಿ: ಕೇಳಿದವರು ಅನುಭವ ಹೇಳಿ

ಹೊಸಕೇಳುಗ: ಶಾಲೆ ಬಿಡಿಸಿದರೂ ಓದಲೇಬೇಕು ಅಂತ ಹಟ ಹಿಡಿಯುವ ಹುಡುಗಿಯ ಇಂಗ್ಲಿಷ್ ಕಾದಂಬರಿ. ತನಗೆ ಬರುವ ಅರೆಬರೆ ಇಂಗ್ಲಿಷಿನಲ್ಲಿ ಅವಳೇ ಕಥೆ ಹೇಳುತ್ತಾಳೆ. ಆಡಿಯೊಬುಕ್ 12 ಗಂಟೆ. ಅಮ್ಮನ ಜೊತೆ ಕೇಳಲಾ, ಪುಸ್ತಕ ತರಲಾ?

ರಾತ್ರಿಪಾಳಿ: ಪೂರ್ತಿ ಆವೃತ್ತಿಯಾ, ಸಂಕ್ಷಿಪ್ತವಾ ಅಂತ ಮೊದಲು ನೋಡಿ. ನಾನು ಇಂಥದ್ದೇ ಒಂದಕ್ಕೆ ತಿಂಗಳ ಕ್ರೆಡಿಟ್ (ಚಂದಾ ಕಟ್ಟಿದವರಿಗೆ ಪುಸ್ತಕ ಕೊಳ್ಳಲು ಸಿಗುವ ಟೋಕನ್) ಸುರಿದೆ. ಐದು ಗಂಟೆಗೆ ಮುಗಿದುಹೋಯಿತು. ಇಂಗ್ಲಿಷ್ ಓದು ಗಂಟೆಗೆ ಸುಮಾರು 9,000 ಪದ ಸಾಗುತ್ತದೆ. ಲಕ್ಷ ಪದದ ಕಾದಂಬರಿ 11 ಗಂಟೆ ಬರಬೇಕು. ಅರ್ಧಕ್ಕಿಂತ ಜಾಸ್ತಿ ಮಾಯ! ಹುಡುಗಿ ಕದ್ದು ಓದುವ ಅಧ್ಯಾಯಗಳೇ ಇಲ್ಲ, ನೇರ ಪರೀಕ್ಷೆ ಪಾಸು. ದೂರು ಕೊಟ್ಟರೆ ‘ಸಂಕ್ಷಿಪ್ತ ಅಂತ ಹಾಕಿದ್ದೇವಲ್ಲ’ ಅಂದರು. ಹಾಕಿದ್ದು ಪುಟದ ತಳದಲ್ಲಿ, ಇರುವೆಯಷ್ಟು ಅಕ್ಷರದಲ್ಲಿ. ಕ್ರೆಡಿಟ್ ವಾಪಸ್ ಬರಲಿಲ್ಲ. ಸಿಟ್ಟಿಗೆ ಚಂದಾ ನಿಲ್ಲಿಸಿದೆ, ಉಳಿದಿದ್ದ ಕ್ರೆಡಿಟ್‌ಗಳೂ ಹೋದವು.

ಹಳೇಪುಸ್ತಕ: ಅದಕ್ಕೇ ನಾನು ಪುಸ್ತಕವನ್ನೇ ಕೊಂಡೆ. ಕೇಳುವುದು ಓದಲ್ಲ. ಇಂಥ ಕಥೆಯಲ್ಲಿ ಹುಡುಗಿ ಕಲಿತ ಹಾಗೆ ಕಾಗುಣಿತ ತಿದ್ದಿಕೊಳ್ಳುತ್ತಾ ಹೋಗುತ್ತದೆ. ಅದು ಕಿವಿಗೆ ಎಲ್ಲಿ ಗೊತ್ತಾಗುತ್ತದೆ?

ಬಿಳಿಕೋಲು: ಕೇಳುವುದು ಓದಲ್ಲವಾ? ನನಗೆ ಕಣ್ಣು ಕಾಣಲ್ಲ. ಪದವಿ ಮುಗಿಸಿದ್ದೇ ಡೇಸಿ ಪುಸ್ತಕ, ಅಂದರೆ ನಮ್ಮಂಥವರಿಗಾಗಿ ಮಾಡುವ ಆಡಿಯೊ ಪುಸ್ತಕ, ಕೇಳಿ. ಅದರಲ್ಲಿ ಅಧ್ಯಾಯ, ಪುಟ ಹಿಡಿದು ಬೇಕಾದಲ್ಲಿಗೆ ಹೋಗಬಹುದು. ಕಾಗುಣಿತ ಬೇಕಿದ್ದರೆ ಇ-ಪುಸ್ತಕ ತೆರೆದು, ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ನಿಂದ ಅಕ್ಷರ ಅಕ್ಷರ ಹೇಳಿಸುತ್ತೇನೆ. ನನ್ನ ಪದವಿಯನ್ನೂ ಲೆಕ್ಕಕ್ಕೆ ಹಿಡಿಯಲ್ವಾ ನೀವು?

ಹಳೇಪುಸ್ತಕ: ನಿಮ್ಮ ವಿಷಯ ಬೇರೆ. ಕಣ್ಣಿದ್ದೂ ಪುಸ್ತಕ ಮುಟ್ಟದವರಿಗೆ ಹೇಳಿದೆ.

ಬಿಳಿಕೋಲು: ಬೇರೆ ಏನಲ್ಲ. ಓದು ಅಂದರೆ ಓದೇ. ‘ಇದು ನಿನಗಲ್ಲ’ ಅನ್ನುವವರ ಎದುರೇ ಆ ಹುಡುಗಿಯೂ ನಿಂತಿದ್ದು.

ವೇಗದೂತ: ಜಗಳ ಯಾಕೆ? 1.75 ವೇಗ ಇಟ್ಟು, ಮೌನ ಕತ್ತರಿಸುವ ಸೆಟ್ಟಿಂಗ್ ಹಾಕಿದರೆ 12 ಗಂಟೆಯದ್ದು ಏಳು ಗಂಟೆಯೊಳಗೆ ಮುಗಿಯುತ್ತದೆ. ನಾನು ಎಲ್ಲವನ್ನೂ ಹಾಗೇ ಕೇಳುವುದು.

ಬೆಳ್ಳಿಗೆಜ್ಜೆ: ಮೌನ ಕತ್ತರಿಸಿದರೆ ಉಳಿಯುವುದೇನು ಮಾರಾಯ್ರೆ? ನಾವು ಕೇಳಿದ ಕಾದಂಬರಿಯಲ್ಲಿ ಹುಡುಗಿ ಮೊದಲ ಸಲ ಅಪ್ಪನೆದುರು ಕಾಗದ ಓದುತ್ತಾಳೆ. ದನಿ ಕೊಟ್ಟವರು ಒಂದೊಂದು ಅಕ್ಷರಕ್ಕೂ ನಿಲ್ಲುತ್ತಾರೆ. ಅರ್ಧ ಪದ ಹೇಳಿ ಹಿಂದೆ ಹೋಗುತ್ತಾರೆ. ಉಸಿರು ಎಳೆದುಕೊಳ್ಳುವುದೂ ಕೇಳಿಸುತ್ತದೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನಮ್ಮತ್ತೆಗೆ ಇಂಗ್ಲಿಷ್ ಬರಲ್ಲ, ಅಲ್ಲಲ್ಲಿ ನಿಲ್ಲಿಸಿ ಅರ್ಥ ಹೇಳುತ್ತಿದ್ದೆ. ಅಲ್ಲಿ ಮಾತ್ರ ‘ನಿಲ್ಲಿಸಬೇಡ’ ಅಂದರು. ಅವರ ತುಟಿ ತಾನಾಗಿ ಆಡುತ್ತಿತ್ತು. ನಿಮ್ಮ ಸೆಟ್ಟಿಂಗಿನಲ್ಲಿ ಆ ಹುಡುಗಿ ಕಾಗದವನ್ನು ಗಡಗಡ ಓದಿಬಿಡುತ್ತಾಳೆ! ಇಷ್ಟಾಗಿ ಅದು ಗ್ರಂಥಾಲಯದ ಎರವಲು. ಕೊನೆಯ ಅಧ್ಯಾಯ ಬಾಕಿ ಇರುವಾಗಲೇ ಅವಧಿ ಮುಗಿದು ಫೈಲ್ ಮುಚ್ಚಿಕೊಂಡಿತು. ಮತ್ತೆ ಸರದಿ. ‘ಪಾಸಾದಳಾ?’ ಅಂತ ಅತ್ತೆ ದಿನಾ ಕೇಳುತ್ತಿದ್ದರು.

ವೇಗದೂತ: ನನ್ನ ವೇಗದಲ್ಲಿ ಕೇಳಿದ್ದರೆ ಅವಧಿಯೊಳಗೆ ಮುಗಿಯುತ್ತಿತ್ತು.

ಬೆಳ್ಳಿಗೆಜ್ಜೆ: ಮುಗಿಸುವ ಅವಸರ ನಿಮಗೆ. ನಮಗಿರಲಿಲ್ಲ.

ಹೊಸಕೇಳುಗ: ಅಮ್ಮನಿಗೂ ಇಂಗ್ಲಿಷ್ ನಿಧಾನವಾಗಿ ಹೇಳಿದರೇ ಅರ್ಥವಾಗುವುದು. 0.8 ವೇಗ ಇಡಲಾ?

ವೇಗದೂತ: 15 ಗಂಟೆ ಆಗುತ್ತದೆ!

ಬೆಳ್ಳಿಗೆಜ್ಜೆ: ಆಗಲಿ ಬಿಡಿ. ಕೊಳ್ಳುವ ಮುಂಚೆ ಕೆಲವು ನಿಮಿಷದ ಮಾದರಿ ಸುಮ್ನೆ ಸಿಗುತ್ತದೆ. ಅದನ್ನು ಅಮ್ಮನಿಗೆ ಕೇಳಿಸಿ, ಆ ದನಿ ಅವರಿಗೆ ಹಿಡಿಸುತ್ತಾ ನೋಡಿ.

ರಾತ್ರಿಪಾಳಿ: ಮತ್ತೆ ಪುಟದ ತಳವನ್ನೂ ನೋಡಿ.